ಪ್ರಶ್ನೋತ್ತರ: ಒಂದು ಸಾಲು ಏನು ಹೇಳುತ್ತದೆ?

ಡೇಟಾ ವೇರ್‌ಹೌಸ್ ವಿನ್ಯಾಸ ಕಲಿಯುತ್ತಿರುವ ಓದುಗರ ಪತ್ರಗಳಲ್ಲಿ ಈ ಸಲ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯಿಂದ ಬಂದವನ್ನು ಆರಿಸಿಕೊಂಡಿದ್ದೇನೆ. ಒಬ್ಬರ ಕೈಯಲ್ಲಿ ಲಿಂಬೆಯ ಲೆಕ್ಕವಿದೆ, ಇನ್ನೊಬ್ಬರ ಕೈಯಲ್ಲಿ ತೊಗರಿಯದು, ಮತ್ತೊಬ್ಬರ ಕೈಯಲ್ಲಿ ಆಣೆಕಟ್ಟಿನ ನೀರಿನದು. ತೊಡಕು ಮಾತ್ರ ಹೆಚ್ಚುಕಡಿಮೆ ಒಂದೇ. ಟೇಬಲ್ಲಿನ ಒಂದು ಸಾಲು ಯಾವ ಸಂಗತಿಯನ್ನು ಹೇಳಬೇಕು ಎಂದು ತೀರ್ಮಾನಿಸದೆ ಎಲ್ಲರೂ ಮುಂದೆ ಹೋಗಿದ್ದಾರೆ. ಹಾಗಾಗಿ ಉತ್ತರಗಳನ್ನು ಒಟ್ಟಿಗೇ ಓದಿಕೊಂಡರೆ ಹೆಚ್ಚು ಉಪಯೋಗ.

ಚಾರ್ಟ್ ಬರುತ್ತದೆ, ವಿನ್ಯಾಸ ಬರುವುದಿಲ್ಲ

ಪ್ರಶ್ನೆ: ಸರ್, ನಮಸ್ಕಾರ. ನಾನು ಬಿ.ಸಿ.ಎ. ಕೊನೆಯ ವರ್ಷದಲ್ಲಿದ್ದೇನೆ. ನಮ್ಮ ತಂದೆಯವರದು ಲಿಂಬೆಯ ಅಡತಿ ವ್ಯಾಪಾರ. ಪವರ್ ಬಿಐ ಹಾಕಿಕೊಂಡು, ವಿಡಿಯೊ ನೋಡಿ ಚಾರ್ಟ್ ಮಾಡುವುದನ್ನು ಕಲಿತೆ. ಈಗ ಕಾಲೇಜಿನ ಪ್ರಾಜೆಕ್ಟಿಗೆ ಅಡತಿ ಅಂಗಡಿಗೇ ಒಂದು ಡೇಟಾ ವೇರ್‌ಹೌಸ್ ವಿನ್ಯಾಸ ಮಾಡಬೇಕಾಗಿದೆ. ಖಾಲಿ ಹಾಳೆ ಮುಂದಿಟ್ಟುಕೊಂಡು ಕುಳಿತಿದ್ದೇನೆ. ಎಲ್ಲಿಂದ ಶುರು ಮಾಡಲಿ? ಬಿಐ ಬೇರೆ, ವೇರ್‌ಹೌಸ್ ಬೇರೆಯೆ?
– ವಿದ್ಯಾರ್ಥಿನಿ, ಇಂಡಿ

ಉತ್ತರ: ನಿಮ್ಮ ತಂದೆಯವರ ಅಂಗಡಿಯಿಂದಲೇ ಶುರು ಮಾಡಿ. ಅಲ್ಲಿ ವ್ಯವಹಾರ ನಡೆದ ಕ್ರಮದಲ್ಲೇ ರೋಜು ಕೀರ್ದಿಗೆ ಬೀಳುತ್ತದೆ. ಯಾರ ಮಾಲು ಬಂತು, ಎಷ್ಟು ಚೀಲ, ಯಾರು ಹಿಡಿದರು, ಯಾವ ದರಕ್ಕೆ ಹೋಯಿತು ಎಂಬುದು ಅಲ್ಲಿರುತ್ತದೆ. ಬರೆದಿಡುವ ಕೆಲಸಕ್ಕೆ ಆ ಕ್ರಮ ಸರಿ. ಆದರೆ ‘ಹೋದ ಮೂರು ಬೇಸಗೆಯಲ್ಲಿ ಯಾವ ಊರಿನ ಹಣ್ಣಿಗೆ ಒಳ್ಳೆಯ ದರ ಬಂತು?’ ಎಂದು ಕೇಳಿದರೆ ಪುಟ ಪುಟ ತಿರುವಬೇಕಾಗುತ್ತದೆ. ಇಂಥ ಪ್ರಶ್ನೆ ಕೇಳುವುದಕ್ಕೆಂದೇ, ಹಳೆಯದನ್ನು ಅಳಿಸದೆ, ಬೇರೆ ಬೇರೆ ಕಡೆಯ ಲೆಕ್ಕಗಳನ್ನು ಹೊಂದಿಸಿ ಜೋಡಿಸಿಟ್ಟದ್ದು ಡೇಟಾ ವೇರ್‌ಹೌಸ್. ಅದರಿಂದ ಉತ್ತರ ತೆಗೆದು ತೀರ್ಮಾನಕ್ಕೆ ಬರುವ ಕೆಲಸಕ್ಕೆ ಬಿಸಿನೆಸ್ ಇಂಟೆಲಿಜೆನ್ಸ್, ಅಂದರೆ ಬಿಐ, ಎನ್ನುತ್ತಾರೆ. ನೀವು ಕಲಿತ ಚಾರ್ಟು ಅದರ ಕಟ್ಟಕಡೆಯ ಹಂತ.

ಈ ವಿದ್ಯೆಗೆ ತನ್ನದೇ ಇತಿಹಾಸವಿದೆ. ‘ಬಿಸಿನೆಸ್ ಇಂಟೆಲಿಜೆನ್ಸ್’ ಎಂಬ ಹೆಸರಿಟ್ಟು ಐಬಿಎಂನ ಹಾನ್ಸ್ ಪೀಟರ್ ಲೂನ್ 1958ರಲ್ಲೇ ಲೇಖನ ಬರೆದಿದ್ದರು. ಅದೇ ಸಂಸ್ಥೆಯ ಬ್ಯಾರಿ ಡೆವ್ಲಿನ್ ಮತ್ತು ಪಾಲ್ ಮರ್ಫಿ 1988ರಲ್ಲಿ ವೇರ್‌ಹೌಸಿನ ರೂಪರೇಖೆ ಕೊಟ್ಟರು. ಮುಂದೆ ಎರಡು ದಾರಿಗಳಾದವು. ಸಂಸ್ಥೆಯ ಡೇಟಾವನ್ನೆಲ್ಲ ಮೊದಲು ಒಂದೆಡೆ ಒಗ್ಗೂಡಿಸಿ, ಆಮೇಲೆ ಒಂದೊಂದು ವಿಭಾಗಕ್ಕೆ ಬೇಕಾದ್ದನ್ನು ತೆಗೆದುಕೊಡಬೇಕು ಎಂಬುದು ಬಿಲ್ ಇನ್ಮನ್ ಅವರ ದಾರಿ. ಒಂದೊಂದೇ ಕೆಲಸವನ್ನು ಹಿಡಿದು ಕಟ್ಟುತ್ತ ಹೋಗಬೇಕು, ಊರು, ದಿನ, ರೈತ ಮುಂತಾದ ಪಟ್ಟಿಗಳು ಮಾತ್ರ ಎಲ್ಲಕ್ಕೂ ಒಂದೇ ಇರಬೇಕು ಎಂಬುದು ರಾಲ್ಫ್ ಕಿಂಬಾಲ್ ಅವರ ದಾರಿ. ಅವರ ‘ದಿ ಡೇಟಾ ವೇರ್‌ಹೌಸ್ ಟೂಲ್‌ಕಿಟ್’ 1996ರಲ್ಲಿ ಬಂತು. ಒಬ್ಬರೇ ಕುಳಿತು ಕಲಿಯುವವರಿಗೆ ಎರಡನೆಯ ದಾರಿ ಹತ್ತಿರದ್ದು. ಅದರಲ್ಲಿ ನಾಲ್ಕು ಹೆಜ್ಜೆಗಳಿವೆ.

ಮೊದಲನೆಯದು, ಯಾವ ಕೆಲಸವನ್ನು ಅಳೆಯುತ್ತೀರಿ ಎಂದು ಆರಿಸುವುದು. ಇಲ್ಲಿ ಅದು ಲಿಂಬೆಯ ಮಾರಾಟ. ಸಾಲ ಕೊಟ್ಟದ್ದು, ಮುಂಗಡ ಕೊಟ್ಟದ್ದು ಬೇರೆ ಕೆಲಸಗಳು, ಸದ್ಯ ಬಿಡಿ.

ಎರಡನೆಯದು ಗ್ರೇನ್, ಅಂದರೆ ಒಂದು ಸಾಲು ಏನು ಹೇಳುತ್ತದೆ ಎಂಬ ತೀರ್ಮಾನ. ಅದನ್ನು ಪೂರ್ತಿ ವಾಕ್ಯದಲ್ಲಿ ಬರೆಯಿರಿ: ‘ಒಂದು ದಿನ ಒಬ್ಬ ರೈತ ತಂದ, ಒಂದೇ ದರ್ಜೆಯ ಲಾಟನ್ನು ಒಬ್ಬ ಖರೀದಿದಾರನಿಗೆ ಮಾರಿದ್ದು ಒಂದು ಸಾಲು.’ ಈ ವಾಕ್ಯ ಬರೆಯುವವರೆಗೆ ಕಂಪ್ಯೂಟರ್ ಮುಟ್ಟಬೇಡಿ. ‘ದಿನಕ್ಕೊಂದು ಸಾಲು’ ಎಂದು ಇಟ್ಟಿದ್ದರೆ ಊರು, ರೈತ, ದರ್ಜೆ ಎಲ್ಲವೂ ಕರಗಿಹೋಗುತ್ತಿದ್ದವು. ಸಣ್ಣ ಸಂಗತಿಗಳನ್ನು ಕೂಡಿಸಿ ದೊಡ್ಡ ಮೊತ್ತ ಮಾಡಬಹುದು. ಮೊತ್ತವನ್ನಷ್ಟೇ ಇಟ್ಟುಕೊಂಡಿದ್ದರೆ ಅದನ್ನು ಮತ್ತೆ ಬಿಡಿಸಲಾಗದು.

ಮೂರನೆಯದು ಡೈಮೆನ್ಷನ್‌ಗಳು, ಅಂದರೆ ಆ ಸಂಗತಿಯನ್ನು ಯಾವ ಯಾವ ಕಡೆಯಿಂದ ನೋಡುತ್ತೀರಿ ಎಂಬುದು. ನಿಮಗೆ ಬೇಕಾದವು ದಿನ, ರೈತ, ಊರು, ಖರೀದಿದಾರ, ದರ್ಜೆ. ಊರಿನ ಟೇಬಲ್ಲನ್ನು ಬಿಡಲೇಬೇಡಿ. ಇಂಡಿ ಲಿಂಬೆಗೆ 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಟ್ಯಾಗ್ ಸಿಕ್ಕಿದೆ. ಜಿಐ ನಿಂತಿರುವುದೇ ಹಣ್ಣು ಬೆಳೆದ ಪ್ರದೇಶದ ಮೇಲೆ. ಆದ್ದರಿಂದ ಯಾವ ಊರಿನ ಹಣ್ಣು ಎಂಬುದು ಇನ್ನು ಮುಂದೆ ವ್ಯಾಪಾರದ ಪ್ರಶ್ನೆಯೇ ಆಗುತ್ತದೆ.

ನಾಲ್ಕನೆಯದು ಅಳತೆಗಳು: ಚೀಲ, ತೂಕ, ಮೊತ್ತ, ಹಮಾಲಿ, ಕಮಿಷನ್. ಇವು ಸೇರುವ ಟೇಬಲ್ಲು ಫ್ಯಾಕ್ಟ್ ಟೇಬಲ್. ಅದು ನಡುವೆ, ಡೈಮೆನ್ಷನ್‌ಗಳು ಸುತ್ತಲೂ ಬರುವ ಈ ಚಿತ್ರಕ್ಕೆ ಸ್ಟಾರ್ ಸ್ಕೀಮಾ ಎಂದು ಹೆಸರು.

ಎರಡು ಕಡೆ ಎಚ್ಚರವಿರಲಿ. ನಿಮ್ಮಲ್ಲಿ ಚೀಲದ ಲೆಕ್ಕ, ಸರ್ಕಾರಿ ಮಾರುಕಟ್ಟೆ ವರದಿಯಲ್ಲಿ ಕ್ವಿಂಟಲ್ ಲೆಕ್ಕ. ಚೀಲವನ್ನೂ ತೂಕವನ್ನೂ ಎರಡು ಬೇರೆ ಕಾಲಂಗಳಲ್ಲಿ ಇಡಿ, ತೂಗದೇ ಇದ್ದಾಗ ಅಂದಾಜಿನ ತೂಕ ತುಂಬಬೇಡಿ. ಇನ್ನೊಂದು, ಗಾಡಿ ಬಾಡಿಗೆ. ಒಬ್ಬ ರೈತ ಒಂದೇ ಗಾಡಿಯಲ್ಲಿ ಮೂರು ದರ್ಜೆಯ ಹಣ್ಣು ತಂದರೆ ಬಾಡಿಗೆ ಒಂದೇ, ಸಾಲು ಮೂರು. ಮೂರೂ ಸಾಲಿಗೆ ಪೂರ್ತಿ ಬಾಡಿಗೆ ಬರೆದರೆ ವರದಿಯಲ್ಲಿ ಖರ್ಚು ಮೂರು ಪಟ್ಟಾಗುತ್ತದೆ. ತೂಕದ ಪ್ರಕಾರ ಹಂಚಿ, ಇಲ್ಲವೇ ‘ಒಂದು ಗಾಡಿ ಬಂದದ್ದು ಒಂದು ಸಾಲು’ ಎಂಬ ಬೇರೆ ಫ್ಯಾಕ್ಟ್ ಟೇಬಲ್ ಮಾಡಿ. ಗ್ರೇನ್ ವಾಕ್ಯ ಬರೆದುಕೊಂಡವರಿಗೆ ಈ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ.

ಸರಾಸರಿ ದರ ಎರಡೆರಡು ಬರುತ್ತಿದೆ

ಪ್ರಶ್ನೆ: ನಮಸ್ಕಾರ್ರಿ ಸರ್. ನಾನು ಒಂದು ರೈತ ಉತ್ಪಾದಕರ ಕಂಪನಿಯಲ್ಲಿ ಲೆಕ್ಕ ನೋಡ್ತೀನ್ರಿ. ತೊಗರಿ ಖರೀದಿಯ ಡ್ಯಾಶ್‌ಬೋರ್ಡ್ ಮಾಡೀನಿ. ಅದರಾಗ ತಿಂಗಳ ಸರಾಸರಿ ದರ ಒಂದು ಬರ್ತದ, ನಮ್ಮ ಮ್ಯಾನೇಜರ್ ಸಾಹೇಬ್ರು ಕೈಲೆ ಮಾಡಿದ ಲೆಕ್ಕದಾಗ ಇನ್ನೊಂದು ಬರ್ತದ. ಹಿಂದಿನ ವರ್ಷದ ಪೇಟೆ ದರ ಹೋಲಿಸಾಕ ಅಗ್‌ಮಾರ್ಕ್‌ನೆಟ್ ಡೇಟಾನೂ ಕೂಡಿಸೀನ್ರಿ. ತಪ್ಪು ಎಲ್ಲೈತಿ ಅಂತ ತಿಳೀವಲ್ದು.
– ಕಂಪನಿ ನೌಕರ, ಸಿಂದಗಿ

ಉತ್ತರ: ನಿಮ್ಮ ಮ್ಯಾನೇಜರ್ ಅವರ ಲೆಕ್ಕ ಬಹುಶಃ ಸರಿಯಿದೆ. ಒಂದು ಉದಾಹರಣೆ ನೋಡಿ, ಅಂಕಿಗಳು ಲೆಕ್ಕಕ್ಕೆಂದು ತೆಗೆದುಕೊಂಡವು. ಸೋಮವಾರ 10 ಕ್ವಿಂಟಲ್ ತೊಗರಿಯನ್ನು 7,000 ರೂಪಾಯಿಯಂತೆ ಕೊಂಡಿರಿ. ಮಂಗಳವಾರ 190 ಕ್ವಿಂಟಲ್ಲನ್ನು 6,000ದಂತೆ ಕೊಂಡಿರಿ. ಎರಡು ದರಗಳ ಸರಾಸರಿ ತೆಗೆದರೆ 6,500. ಆದರೆ ಕಂಪನಿ ಕೊಟ್ಟ ಹಣ 12,10,000 ರೂಪಾಯಿ, ಬಂದ ಮಾಲು 200 ಕ್ವಿಂಟಲ್. ಭಾಗಿಸಿದರೆ ಕ್ವಿಂಟಲ್‌ಗೆ 6,050. ಡ್ಯಾಶ್‌ಬೋರ್ಡ್ ದರದ ಕಾಲಂ ಹಿಡಿದು ಸರಾಸರಿ ಮಾಡುತ್ತಿದೆ, ನಿಮ್ಮ ಸಾಹೇಬರು ಹಣವನ್ನು ತೂಕದಿಂದ ಭಾಗಿಸುತ್ತಿದ್ದಾರೆ. 200 ಕ್ವಿಂಟಲ್ ಖರೀದಿಯಲ್ಲಿ ಕ್ವಿಂಟಲ್‌ಗೆ 450 ರೂಪಾಯಿಯ ವ್ಯತ್ಯಾಸವೆಂದರೆ 90,000 ರೂಪಾಯಿ. ಮುಂದಿನ ಹಂಗಾಮಿನ ಖರೀದಿಗೆ ಎಷ್ಟು ಹಣ ಬೇಕು ಎಂಬುದನ್ನು ಈ ಅಂಕಿ ನೋಡಿಯೇ ತೀರ್ಮಾನಿಸುತ್ತಾರೆ.

ಫ್ಯಾಕ್ಟ್ ಟೇಬಲ್ಲಿನಲ್ಲಿ ತೂಕ ಮತ್ತು ಮೊತ್ತ ಇರಲಿ. ದರವನ್ನು ವರದಿ ತೆಗೆಯುವಾಗ, ಮೊತ್ತಗಳ ಕೂಡಿಕೆಯನ್ನು ತೂಕಗಳ ಕೂಡಿಕೆಯಿಂದ ಭಾಗಿಸಿ ಪಡೆಯಿರಿ. ಶೇಕಡಾವಾರು, ಇಳುವರಿ, ತೇವಾಂಶ ಇವಕ್ಕೂ ಇದೇ ನಿಯಮ. ಅನುಪಾತವನ್ನು ಉಳಿಸಿಡುವುದಕ್ಕಿಂತ ಅದರ ಮೇಲಿನ ಅಂಕಿಯನ್ನೂ ಕೆಳಗಿನ ಅಂಕಿಯನ್ನೂ ಉಳಿಸಿಡುವುದು ಮುಖ್ಯ.

ಈಗ ಅಗ್‌ಮಾರ್ಕ್‌ನೆಟ್. 2000ದಲ್ಲಿ ಆರಂಭವಾದ ಈ ಕೇಂದ್ರ ಸರ್ಕಾರಿ ಜಾಲದಲ್ಲಿ ಒಂದು ಸಾಲೆಂದರೆ ಒಂದು ದಿನ, ಒಂದು ಮಾರುಕಟ್ಟೆ, ಒಂದು ಸರಕು, ಒಂದು ತಳಿ. ಅದಕ್ಕೆ ಆವಕ, ಕನಿಷ್ಠ, ಗರಿಷ್ಠ ಮತ್ತು ಮಾದರಿ ಬೆಲೆ ಇರುತ್ತವೆ. ನಿಮ್ಮ ಸಾಲು ಒಬ್ಬ ರೈತನ ಒಂದು ಖರೀದಿ. ಇವೆರಡನ್ನೂ ನೇರವಾಗಿ ಜೋಡಿಸಿದರೆ ಆ ದಿನದ ಪೇಟೆಯ ಆವಕ ನಿಮ್ಮ ಪ್ರತಿ ರೈತನ ಸಾಲಿಗೂ ಅಂಟಿಕೊಳ್ಳುತ್ತದೆ. ಮೂವತ್ತು ರೈತರಿಂದ ಕೊಂಡ ದಿನ ಪೇಟೆಯ ಆವಕ ಮೂವತ್ತು ಪಟ್ಟು ಕಾಣುತ್ತದೆ. ಎರಡನ್ನೂ ಎರಡು ಫ್ಯಾಕ್ಟ್ ಟೇಬಲ್‌ಗಳಾಗಿ ಬೇರೆ ಇಡಿ. ದಿನ ಮತ್ತು ಸರಕಿನ ಡೈಮೆನ್ಷನ್‌ಗಳು ಎರಡಕ್ಕೂ ಒಂದೇ ಆಗಿರಲಿ. ನಿಮ್ಮ ಖರೀದಿಯನ್ನು ಮೊದಲು ದಿನವಾರು ಕೂಡಿಸಿ, ಆಮೇಲೆ ಪೇಟೆಯ ಸಾಲಿನ ಪಕ್ಕಕ್ಕೆ ತನ್ನಿ.

ಮಾದರಿ ಬೆಲೆ ಎಂದರೆ ಆ ದಿನ ಹೆಚ್ಚಿನ ಮಾಲು ಮಾರಾಟವಾದ ದರ, ಅದು ಸರಾಸರಿಯಲ್ಲ. ತಿಂಗಳಿಗೆ ಒಂದೇ ಅಂಕಿ ಬೇಕಾದರೆ ಆವಕದಿಂದ ಗುಣಿಸಿ, ಒಟ್ಟು ಆವಕದಿಂದ ಭಾಗಿಸಿ, ‘ಅಂದಾಜು’ ಎಂದು ವರದಿಯಲ್ಲೇ ಬರೆಯಿರಿ. ಪೇಟೆಗೆ ರಜೆಯಿದ್ದ ದಿನ ದರದ ಕಾಲಂನಲ್ಲಿ ಸೊನ್ನೆ ಹಾಕಬೇಡಿ. ಸೊನ್ನೆ ಹಾಕಿದರೆ ದರ ಬಿದ್ದಂತೆ ಕಾಣುತ್ತದೆ. ಅಲ್ಲಿ ಇರಬೇಕಾದದ್ದು ಖಾಲಿ.

ಇದೇ ನೆಪದಲ್ಲಿ ದಿನದ ಡೈಮೆನ್ಷನ್ ಬಗ್ಗೆ ಒಂದು ಮಾತು. ಪುಸ್ತಕಗಳಲ್ಲಿ ತಿಂಗಳು, ತ್ರೈಮಾಸಿಕ, ಆರ್ಥಿಕ ವರ್ಷ ಎಂಬ ಕಾಲಂಗಳಿರುತ್ತವೆ. ನಿಮ್ಮ ಭಾಗಕ್ಕೆ ಅಷ್ಟು ಸಾಲದು. ಹಿಂಗಾರಿ ಜೋಳ ಒಂದು ವರ್ಷದಲ್ಲಿ ಬಿತ್ತಿ ಮುಂದಿನ ವರ್ಷದಲ್ಲಿ ರಾಶಿಯಾಗುತ್ತದೆ. ಜನವರಿಯಿಂದ ಡಿಸೆಂಬರಿಗೆ ಲೆಕ್ಕ ಕಡಿದರೆ ಒಂದೇ ಬೆಳೆ ಎರಡು ವರ್ಷಕ್ಕೆ ಹರಿದುಹೋಗುತ್ತದೆ. ‘ಹಂಗಾಮು’ ಮತ್ತು ‘ಹಂಗಾಮಿನ ವರ್ಷ’ ಎಂಬ ಕಾಲಂ ಸೇರಿಸಿ. ಮಳೆ ನಕ್ಷತ್ರ, ಸಂತೆಯ ದಿನ, ಕಾರಹುಣ್ಣಿಮೆ, ಎಳ್ಳಮಾವಾಸ್ಯೆಗಳನ್ನೂ ಸೇರಿಸಿ. ‘ಹಸ್ತ ಮಳೆ ಆದಮೇಲೆ ಬೀಜದ ಬೇಡಿಕೆ ಎಷ್ಟಾಯಿತು?’ ಎಂದು ರೈತರು ಕೇಳುವ ರೀತಿಯಲ್ಲೇ ಆಗ ಉತ್ತರ ತೆಗೆಯಬಹುದು.

ತಾಲೂಕು ಒಡೆದ ವರ್ಷ ಗ್ರಾಫ್ ಬಿದ್ದಿದೆ

ಪ್ರಶ್ನೆ: ಮಾನ್ಯರೆ, ನಮ್ಮ ತಾಲೂಕಿನ ಹತ್ತು ವರ್ಷಗಳ ಬಿತ್ತನೆ ಕ್ಷೇತ್ರದ ಅಂಕಿಗಳನ್ನು ಕೂಡಿಸಿ ಬಿಐ ಕಲಿಯುವ ಅಭ್ಯಾಸ ಮಾಡುತ್ತಿದ್ದೇನೆ. 2018ರ ನಂತರ ಮುದ್ದೇಬಿಹಾಳದ ಅಂಕಿ ಒಮ್ಮೆಲೇ ಕುಸಿದಂತೆ ಕಾಣುತ್ತದೆ. ತಾಳಿಕೋಟಿ ಬೇರೆ ತಾಲೂಕಾದದ್ದು ಕಾರಣವೆಂದು ಗೊತ್ತು. ಆದರೆ ಟೇಬಲ್ಲಿನಲ್ಲಿ ಅದನ್ನು ಹೇಗೆ ತೋರಿಸಬೇಕು? ಹಳೆಯ ದಾಖಲೆ ತಿದ್ದಬೇಕೆ?
– ಪದವೀಧರ, ಮುದ್ದೇಬಿಹಾಳ

ಉತ್ತರ: ತಿದ್ದಬೇಡಿ. ನಿಮ್ಮ ಜಿಲ್ಲೆಯಷ್ಟು ಚೆನ್ನಾಗಿ ಈ ಪಾಠ ಕಲಿಸುವ ಜಾಗ ಕಡಿಮೆ. ಮೂರು ಬದಲಾವಣೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ.

1997ರಲ್ಲಿ ಬಿಜಾಪುರ ಜಿಲ್ಲೆ ಒಡೆದು ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. ಜಮಖಂಡಿ, ಮುಧೋಳ, ಬಾದಾಮಿ, ಹುನಗುಂದ, ಬೀಳಗಿಗಳೂ ಅತ್ತ ಹೋದವು. ಉಳಿದ ಜಿಲ್ಲೆಯಲ್ಲಿ ಬಿಜಾಪುರ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಎಂಬ ಐದು ತಾಲೂಕುಗಳಾದವು. 2011ರ ಜನಗಣತಿ ಈ ಐದರ ಲೆಕ್ಕದಲ್ಲೇ ಇದೆ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. 2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲೂಕುಗಳು 2018ರಲ್ಲಿ ಕೆಲಸ ಆರಂಭಿಸಿದವು. ಮುದ್ದೇಬಿಹಾಳದಿಂದ ತಾಳಿಕೋಟಿ, ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರಹಿಪ್ಪರಗಿ, ಬಸವನಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಬೇರೆಯಾದವು. ಆಲಮೇಲ ಆಮೇಲೆ ಬಂತು.

2014ರಲ್ಲಿ ಬದಲಾದದ್ದು ಹೆಸರು ಮಾತ್ರ. ಒಂದು ಹಳ್ಳಿಯೂ ಅತ್ತಿತ್ತ ಆಗಲಿಲ್ಲ. ಹಾಗಾಗಿ ಜಿಲ್ಲೆಯ ಹೆಸರಿನ ಕಾಲಂನಲ್ಲಿ ವಿಜಯಪುರ ಎಂದು ಬರೆದು, ಹಳೆಯ ಹೆಸರಿಗೆ ಪಕ್ಕದಲ್ಲಿ ಒಂದು ಕಾಲಂ ಇಟ್ಟರೆ ಸಾಕು. 1997 ಮತ್ತು 2018ರಲ್ಲಿ ಗಡಿಯೇ ಬದಲಾಯಿತು. ಅಲ್ಲಿ ಹಳೆಯದರ ಮೇಲೆ ಹೊಸದನ್ನು ಬರೆದರೆ ಹಿಂದಿನ ವರದಿಗಳೆಲ್ಲ ಸುಳ್ಳಾಗುತ್ತವೆ.

ಗಡಿ ಬದಲಾದಾಗ ಮಾಡುವ ವಿಧಾನ ಹೀಗಿದೆ. ಹಳ್ಳಿಯ ಡೈಮೆನ್ಷನ್‌ನಲ್ಲಿ ಒಂದು ಹಳ್ಳಿಗೆ ಎರಡು ಸಾಲು ಇಡಿ. ಒಂದರಲ್ಲಿ ತಾಲೂಕು ಮುದ್ದೇಬಿಹಾಳ, ಇನ್ನೊಂದರಲ್ಲಿ ತಾಳಿಕೋಟಿ. ಎರಡಕ್ಕೂ ‘ಯಾವಾಗಿನಿಂದ’, ‘ಯಾವಾಗಿನವರೆಗೆ’ ಎಂಬ ಎರಡು ದಿನಾಂಕಗಳಿರಲಿ; ಅವನ್ನು ಅಧಿಸೂಚನೆ ನೋಡಿ ತುಂಬಿ. ಪ್ರತಿ ಸಾಲಿಗೂ ವೇರ್‌ಹೌಸ್ ತಾನೇ ಕೊಡುವ ಒಂದು ಕ್ರಮಸಂಖ್ಯೆ ಇರಲಿ, ಫ್ಯಾಕ್ಟ್ ಟೇಬಲ್ ಅದನ್ನೇ ಹಿಡಿದುಕೊಳ್ಳಲಿ. ಹಳ್ಳಿ ಒಂದೇ ಎಂದು ಗುರುತಿಸಲು ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯ ಕೋಡ್ ಬಳಸಿ. ಹೆಸರಿನಿಂದ ಗುರುತಿಸಲು ಹೋಗಬೇಡಿ, ಒಂದೇ ಹೆಸರಿನ ಹಳ್ಳಿಗಳು ಸಾಕಷ್ಟಿವೆ. ಇದನ್ನು ಪುಸ್ತಕಗಳಲ್ಲಿ ಸ್ಲೋಲಿ ಚೇಂಜಿಂಗ್ ಡೈಮೆನ್ಷನ್, ಟೈಪ್ 2 ಎನ್ನುತ್ತಾರೆ. ಹೆಸರನ್ನು ಸುಮ್ಮನೆ ತಿದ್ದುವುದು ಟೈಪ್ 1, ಹಳೆಯದಕ್ಕೆ ಪಕ್ಕದ ಕಾಲಂ ಕೊಡುವುದು ಟೈಪ್ 3.

ಎರಡೂ ಸಾಲುಗಳಲ್ಲಿ ‘ಈಗಿನ ತಾಲೂಕು’ ಎಂಬ ಇನ್ನೊಂದು ಕಾಲಂ ಸೇರಿಸಿದರೆ ಎರಡು ಬಗೆಯ ವರದಿ ಬರುತ್ತದೆ. 2015ರಲ್ಲಿ ಅಂದಿನ ಮುದ್ದೇಬಿಹಾಳದ ಲೆಕ್ಕ ಎಷ್ಟಿತ್ತು ಎಂದು ಕೇಳಿದರೆ ಆಗಿನ ಗಡಿಯಂತೆ ಉತ್ತರ ಬರುತ್ತದೆ. ಇಂದಿನ ಮುದ್ದೇಬಿಹಾಳದ ಹಳ್ಳಿಗಳಲ್ಲಿ ಹತ್ತು ವರ್ಷದಲ್ಲಿ ಬಿತ್ತನೆ ಹೆಚ್ಚಿತೋ ಇಳಿಯಿತೋ ಎಂದು ಕೇಳಿದರೆ ಈಗಿನ ಗಡಿಯನ್ನು ಹಿಂದಕ್ಕೂ ಅನ್ವಯಿಸಿ ಉತ್ತರ ಬರುತ್ತದೆ. ಎರಡನೆಯ ಗ್ರಾಫಿನಲ್ಲಿ 2018ರ ಕುಸಿತ ಇರುವುದಿಲ್ಲ. ಓದುವವರಿಗೆ ಯಾವುದು ಬೇಕು ಎಂದು ಕೇಳಿ ಕೊಡಿ, ಯಾವ ಗಡಿಯ ಲೆಕ್ಕ ಎಂದು ಗ್ರಾಫಿನ ಕೆಳಗೆ ಬರೆಯಿರಿ.

ಇದೆಲ್ಲ ಸಾಧ್ಯವಾಗುವುದು ನಿಮ್ಮ ಒಂದು ಸಾಲು ಒಂದು ಹಳ್ಳಿಯದಾಗಿದ್ದರೆ ಮಾತ್ರ. ತಾಲೂಕಿನ ಮೊತ್ತವನ್ನಷ್ಟೇ ಇಟ್ಟುಕೊಂಡಿದ್ದರೆ ಆ ಮೊತ್ತದಲ್ಲಿ ತಾಳಿಕೋಟಿ ಭಾಗದ ಪಾಲು ಎಷ್ಟೆಂದು ಯಾವ ಸಾಫ್ಟ್‌ವೇರೂ ಹೇಳಲಾರದು. ಹಳ್ಳಿವಾರು ಅಂಕಿ ಸಿಗುವ ವರ್ಷಗಳನ್ನು ಮೊದಲು ಕಟ್ಟಿ. ಸಿಗದ ವರ್ಷಗಳನ್ನು ಅಂದಾಜಿನಿಂದ ಹಂಚದೆ, ಬೇರೆ ಟೇಬಲ್ಲಿನಲ್ಲಿ ಬೇರೆಯಾಗಿಯೇ ಇಡಿ.

ಇನ್ನೊಂದು ಮಾತು. ತೊಗರಿ ಸಾಲಿನ ನಡುವೆ ಸಜ್ಜೆ ಹಾಕಿದ ಹೊಲದಲ್ಲಿ ಒಂದೇ ಹಿಸ್ಸಾದಲ್ಲಿ ಎರಡು ಬೆಳೆ ಇರುತ್ತದೆ. ಬೆಳೆ ಸಮೀಕ್ಷೆಯ ಮಟ್ಟದ ಡೇಟಾ ಕೈಗೆ ಬಂದಾಗ ‘ಒಂದು ಹಿಸ್ಸಾ, ಒಂದು ಹಂಗಾಮು’ ಎಂದು ಸಾಲು ಮಾಡಿದರೆ ಎರಡನೆಯ ಬೆಳೆಗೆ ಜಾಗವೇ ಇರುವುದಿಲ್ಲ. ‘ಒಂದು ಹಿಸ್ಸಾ, ಒಂದು ಹಂಗಾಮು, ಒಂದು ಬೆಳೆ’ ಎಂದು ಬರೆಯಿರಿ. ಹಿಸ್ಸಾದ ಒಟ್ಟು ಕ್ಷೇತ್ರವನ್ನು ಮಾತ್ರ ಎರಡು ಸಲ ಕೂಡಿಸಬೇಡಿ.

ಆಲಮಟ್ಟಿಯ ನೀರು ಮೂರು ಸಾವಿರ ಟಿಎಂಸಿ!

ಪ್ರಶ್ನೆ: ಸರ್, ಆಲಮಟ್ಟಿ ಆಣೆಕಟ್ಟಿನ ದಿನವಾರು ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವಿನ ಅಂಕಿಗಳನ್ನು ಪತ್ರಿಕೆಯಿಂದ ಬರೆದಿಟ್ಟುಕೊಂಡು ಒಂದು ಸಣ್ಣ ವೇರ್‌ಹೌಸ್ ಮಾಡಿದ್ದೇನೆ. ತಿಂಗಳ ವರದಿ ತೆಗೆದರೆ ಸಂಗ್ರಹ ಮೂರು ಸಾವಿರ ಟಿಎಂಸಿ ತೋರಿಸುತ್ತದೆ. ಒಳಹರಿವೂ ಅರ್ಥವಾಗದ ಸಂಖ್ಯೆ. ಟೂಲಿನ ದೋಷವೆ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಬಸವನಬಾಗೇವಾಡಿ

ಉತ್ತರ: ಟೂಲು ನೀವು ಹೇಳಿದ್ದನ್ನೇ ಮಾಡಿದೆ. ಸಂಖ್ಯೆಯ ಕಾಲಂ ಕಂಡರೆ ಕೂಡಿಸುವುದು ಬಹುತೇಕ ಬಿಐ ಟೂಲುಗಳ ರೂಢಿ. ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್, ಆ ಮಟ್ಟದಲ್ಲಿ ಹಿಡಿಯುವ ನೀರು 123.08 ಟಿಎಂಸಿ. ದಿನಕ್ಕೆ 100 ಟಿಎಂಸಿಯಂತೆ 30 ದಿನ ನಿಂತಿದ್ದನ್ನು ಕೂಡಿಸಿದಾಗ 3,000 ಬಂದಿದೆ. ನೀರು ಹೊಸದಾಗಿ ಬಂದಿಲ್ಲ, ಇದ್ದ ನೀರನ್ನೇ ಮೂವತ್ತು ಸಲ ಎಣಿಸಿದ್ದೀರಿ.

ಅಳತೆಗಳನ್ನು ಮೂರು ಗುಂಪು ಮಾಡಿಕೊಳ್ಳಿ. ಎಲ್ಲ ಕಡೆಯಿಂದಲೂ ಕೂಡಿಸಬಹುದಾದವು ಒಂದು ಗುಂಪು: ದಿನದಲ್ಲಿ ಬಂದ ನೀರು, ಮಾರಿದ ಚೀಲ, ಕೊಟ್ಟ ಹಣ. ಎರಡನೆಯ ಗುಂಪನ್ನು ಒಂದೇ ದಿನದ ಮಟ್ಟಿಗೆ ಬೇರೆ ಬೇರೆ ಜಾಗಗಳ ಮೇಲೆ ಕೂಡಿಸಬಹುದು, ದಿನಗಳ ಮೇಲೆ ಕೂಡಿಸಬಾರದು. ಇವತ್ತಿನ ಆಲಮಟ್ಟಿ ಮತ್ತು ನಾರಾಯಣಪುರದ ಸಂಗ್ರಹಗಳನ್ನು ಕೂಡಿಸಿದರೆ ಅರ್ಥವಿದೆ; ಇವತ್ತಿನ ಮತ್ತು ನಾಳೆಯ ಸಂಗ್ರಹಗಳನ್ನು ಕೂಡಿಸಿದರೆ ಇಲ್ಲ. ತಿಂಗಳ ವರದಿಗೆ ಕೊನೆಯ ದಿನದ ಅಂಕಿ, ಅಥವಾ ಸರಾಸರಿ, ಅಥವಾ ಗರಿಷ್ಠ ತೆಗೆಯಿರಿ. ಪತ್ತಿನ ಸಹಕಾರ ಸಂಘದ ಬಾಕಿ ಸಾಲ, ಗೋದಾಮಿನ ದಾಸ್ತಾನು ಇದೇ ಜಾತಿಯವು. ಮೂರನೆಯ ಗುಂಪನ್ನು ಎಲ್ಲಿಯೂ ಕೂಡಿಸಬಾರದು. ನೀರಿನ ಮಟ್ಟದ ಮೀಟರ್ ಅಂಥದ್ದು.

ಒಳಹರಿವಿನ ತೊಂದರೆ ಬೇರೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅದು ಹರಿಯುವ ವೇಗದ ಲೆಕ್ಕ. ದಿನಕ್ಕೆ 86,400 ಸೆಕೆಂಡ್, ಒಂದು ಟಿಎಂಸಿಗೆ ನೂರು ಕೋಟಿ ಘನ ಅಡಿ. ಹಾಗಾಗಿ ಇಡೀ ದಿನ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ದಿನದ ಸರಾಸರಿ ಒಳಹರಿವು 50,000 ಕ್ಯೂಸೆಕ್ ಇದ್ದರೆ ಆ ದಿನ ಬಂದದ್ದು 4.32 ಟಿಎಂಸಿ. ಕ್ಯೂಸೆಕ್ ಕಾಲಂ ಹಾಗೇ ಇರಲಿ, ಪಕ್ಕದಲ್ಲಿ ‘ದಿನದ ಒಳಹರಿವು, ಟಿಎಂಸಿ’ ಎಂಬ ಕಾಲಂ ಲೆಕ್ಕ ಹಾಕಿ ತುಂಬಿ. ಕೂಡಿಸಬೇಕಾದದ್ದು ಅದನ್ನು. ಪತ್ರಿಕೆಯ ಅಂಕಿ ಬೆಳಗಿನ ಒಂದು ಹೊತ್ತಿನದೋ, ದಿನದ ಸರಾಸರಿಯೋ ಎಂದು ನೋಡಿಕೊಳ್ಳಿ. ಒಂದು ಹೊತ್ತಿನದಾಗಿದ್ದರೆ ಬರುವ ಮೊತ್ತ ಅಂದಾಜು ಮಾತ್ರ, ಕಾಲಂನ ಹೆಸರಲ್ಲೇ ಹಾಗೆ ಹೇಳಿ.

ನಿಮ್ಮ ವಿಷಯದಲ್ಲಿ ಒಂದು ಅನುಕೂಲವಿದೆ. ನಿನ್ನೆಯ ಸಂಗ್ರಹಕ್ಕೆ ಒಳಹರಿವು ಕೂಡಿಸಿ, ಹೊರಹರಿವು ಕಳೆದರೆ ಇವತ್ತಿನ ಸಂಗ್ರಹಕ್ಕೆ ಹತ್ತಿರ ಬರಬೇಕು. ಆವಿಯಾಗುವ ನೀರು, ಅಳತೆಯ ಅಂದಾಜು ಇವುಗಳಿಂದ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಹೆಚ್ಚು ಅಂತರ ಬಂದ ದಿನಗಳ ಪಟ್ಟಿ ತೆಗೆಯಿರಿ. ಎಲ್ಲೋ ಸೊನ್ನೆ ಬಿಟ್ಟುಹೋಗಿದೆ, ಇಲ್ಲವೇ ಒಳಹರಿವು ಹೊರಹರಿವು ಅದಲುಬದಲಾಗಿದೆ ಎಂದು ಅದರಿಂದಲೇ ಗೊತ್ತಾಗುತ್ತದೆ. ಡೇಟಾ ತಾನೇ ತನ್ನನ್ನು ಪರೀಕ್ಷಿಸಿಕೊಳ್ಳುವ ಇಂಥ ನಿಯಮ ಪ್ರತಿ ವಿನ್ಯಾಸದಲ್ಲೂ ಒಂದಾದರೂ ಇರಬೇಕು.

ನುಡಿ ಫಾಂಟು, ಹತ್ತು ಬಗೆಯ ಹೆಸರು

ಪ್ರಶ್ನೆ: ಸರ್, ಸಂಘದ ಹಳೆಯ ಎಕ್ಸೆಲ್ ಫೈಲುಗಳನ್ನು ಒಂದು ಕಡೆ ಸೇರಿಸುವ ಕೆಲಸ ವಹಿಸಿಕೊಂಡಿದ್ದೇನೆ. ಕೆಲವು ನುಡಿಯಲ್ಲಿವೆ, ಕೆಲವು ಯೂನಿಕೋಡ್, ಕೆಲವು ಇಂಗ್ಲಿಷ್. ಒಂದೇ ಊರನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆದಿದ್ದಾರೆ. ಸ್ವಚ್ಛ ಮಾಡುವುದರಲ್ಲೇ ದಿನ ಹೋಗುತ್ತಿದೆ. ವಿನ್ಯಾಸ ಕಲಿಯುವುದು ಯಾವಾಗ?
– ಸಂಘದ ಕಾರ್ಯಕರ್ತೆ, ಇಂಡಿ ತಾಲೂಕು

ಉತ್ತರ: ಈ ಕೆಲಸವೂ ವಿನ್ಯಾಸದ ದೊಡ್ಡ ಭಾಗವೇ. ಮೂಲದಿಂದ ತೆಗೆಯುವುದು, ಹದ ಮಾಡುವುದು, ತುಂಬುವುದು ಎಂಬ ಮೂರಕ್ಕೂ ಸೇರಿ ಇಟಿಎಲ್ ಎನ್ನುತ್ತಾರೆ. ಯಾವ ವೇರ್‌ಹೌಸ್‌ನಲ್ಲೂ ಬಹಳ ಸಮಯ ತೆಗೆದುಕೊಳ್ಳುವುದು ಇದೇ.

ಮೂರು ಹಂತ ಮಾಡಿಕೊಳ್ಳಿ. ಮೊದಲ ಹಂತದಲ್ಲಿ ಫೈಲು ಬಂದದ್ದು ಬಂದಂತೆಯೇ ಇರಲಿ, ಒಂದಕ್ಷರ ತಿದ್ದಬೇಡಿ. ಯಾವ ಫೈಲು, ಎಷ್ಟನೆಯ ಸಾಲು, ಯಾವತ್ತು ಬಂತು ಎಂದು ಮಾತ್ರ ಪಕ್ಕದಲ್ಲಿ ಬರೆಯಿರಿ. ಎರಡನೆಯ ಹಂತದಲ್ಲಿ ಸ್ವಚ್ಛ ಮಾಡಿದ್ದು. ಮೂರನೆಯದು ಫ್ಯಾಕ್ಟ್ ಮತ್ತು ಡೈಮೆನ್ಷನ್‌ಗಳು. ಯಾರಾದರೂ ‘ಈ ಅಂಕಿ ಎಲ್ಲಿಂದ ಬಂತು?’ ಎಂದು ಕೇಳಿದರೆ ಮೂರನೆಯದರಿಂದ ಮೊದಲನೆಯದಕ್ಕೆ ಹಿಂದಕ್ಕೆ ಹೋಗಿ ತೋರಿಸುವಂತಿರಬೇಕು.

ನುಡಿಯ ಹಳೆಯ ಫೈಲುಗಳಲ್ಲಿ ಕನ್ನಡ ಕಾಣುತ್ತಿದ್ದರೂ ಒಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕೋಡು. ಫಾಂಟ್ ಬದಲಿಸಿದರೆ ಅದು ಯೂನಿಕೋಡ್ ಆಗುವುದಿಲ್ಲ. ಪರಿವರ್ತಕದಿಂದ ಬದಲಿಸಿ, ಒತ್ತಕ್ಷರ ಮತ್ತು ರೇಫ ಇರುವ ಪದಗಳನ್ನು ಕಣ್ಣಿಂದ ನೋಡಿ ತಾಳೆ ಹಾಕಿ. ಯೂನಿಕೋಡ್ ಒಳಗೂ ಒಂದು ಸೂಕ್ಷ್ಮವಿದೆ. ‘ಕೋ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಕೋಡಿನಿಂದಲೂ, ಬಿಡಿ ಕೋಡುಗಳನ್ನು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಎನ್‌ಎಫ್‌ಸಿ ಎಂಬ ನಾರ್ಮಲೈಸೇಷನ್ ಮಾಡಿದರೆ ಇವು ಒಂದಾಗುತ್ತವೆ. ಪೈಥಾನ್, ಪೋಸ್ಟ್‌ಗ್ರೆಸ್‌ಕ್ಯುಎಲ್ ಎರಡರಲ್ಲೂ ಇದಕ್ಕೆ ಸೌಲಭ್ಯವಿದೆ. ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳನ್ನೂ ಹೋಲಿಕೆಗೆ ಮೊದಲು ತೆಗೆಯಿರಿ.

ಊರ ಹೆಸರುಗಳಿಗೆ ಒಂದು ನಕ್ಷೆ ಟೇಬಲ್ ಮಾಡಿ. ಎಡಗಡೆ ಫೈಲಿನಲ್ಲಿ ಕಂಡ ರೂಪಗಳು: ಬಸವನಬಾಗೇವಾಡಿ, ಬ.ಬಾಗೇವಾಡಿ, ಬಾಗೇವಾಡಿ. ಬಲಗಡೆ ಎಲ್ಲಕ್ಕೂ ಒಂದೇ ಕೋಡು. ಹೊಸ ರೂಪ ಬಂದರೆ ಊಹೆಯಿಂದ ಸೇರಿಸದೆ ‘ಗೊತ್ತಿಲ್ಲ’ ಎಂಬ ಸಾಲಿಗೆ ಕಳಿಸಿ, ಊರು ಬಲ್ಲವರನ್ನು ಕೇಳಿದ ಮೇಲೆ ನಕ್ಷೆಗೆ ಸೇರಿಸಿ. ಬಾಗೇವಾಡಿ ಎಂಬ ಹೆಸರಿನ ಊರು ಬೆಳಗಾವಿ ಕಡೆಯೂ ಇದೆ. ದಿನಾಂಕದಲ್ಲಿ 03/04 ಎಂದರೆ ಏಪ್ರಿಲ್ 3 ಎಂದು ನೀವು ಓದಿದರೂ ಎಕ್ಸೆಲ್ ಮಾರ್ಚ್ 4 ಎಂದು ಓದಿರಬಹುದು. ವರ್ಷ, ತಿಂಗಳು, ದಿನದ ಕ್ರಮಕ್ಕೆ ತನ್ನಿ.

ತುಂಬುವ ಪ್ರೋಗ್ರಾಮನ್ನು ಒಂದೇ ಫೈಲಿನ ಮೇಲೆ ಎರಡು ಸಲ ಓಡಿಸಿದರೂ ಸಾಲುಗಳು ಎರಡರಷ್ಟಾಗದಂತೆ ಬರೆಯಿರಿ. ಆ ಫೈಲಿನ ಹಳೆಯ ಸಾಲುಗಳನ್ನು ಮೊದಲು ತೆಗೆದು, ನಂತರ ತುಂಬುವುದು ಸುಲಭದ ವಿಧಾನ.

ಸದಸ್ಯರ ಆಧಾರ್ ಸಂಖ್ಯೆ, ಮೊಬೈಲ್, ಬ್ಯಾಂಕ್ ಖಾತೆಗಳನ್ನು ವೇರ್‌ಹೌಸ್‌ಗೆ ತರಲೇಬೇಡಿ. ವರದಿಗೆ ಅವು ಬೇಕಾಗುವುದಿಲ್ಲ. ಒಂದು ಸದಸ್ಯ ಸಂಖ್ಯೆ ಸಾಕು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಉದ್ದೇಶಕ್ಕೆ ಬೇಕಾದಷ್ಟೇ ಡೇಟಾ ಬಳಸಬೇಕೆಂಬ ತತ್ವದ ಮೇಲೆ ನಿಂತಿದೆ. ಕಾಯ್ದೆ ಇಲ್ಲದಿದ್ದರೂ ನಂಬಿ ಕೊಟ್ಟ ಜನರ ಮಾಹಿತಿ ಅದು.

ಯಾವ ಟೂಲು, ಯಾವ ಕ್ರಮ?

ಪ್ರಶ್ನೆ: ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಗಣಿತ ಪರವಾಗಿಲ್ಲ, ಇಂಗ್ಲಿಷ್ ಅಂದರೆ ಅಂಜಿಕೆ. ಮನೆಯಲ್ಲಿ ಒಂದು ಸಾಧಾರಣ ಲ್ಯಾಪ್‌ಟಾಪ್ ಇದೆ. ಬೆಂಗಳೂರಿಗೆ ಹೋಗಿ ದುಬಾರಿ ಕೋರ್ಸ್ ಮಾಡದೆ ಇದನ್ನು ಕಲಿಯಬಹುದೇ?
– ಗೃಹಿಣಿ, ಬಿ.ಎಸ್ಸಿ. ಪದವೀಧರೆ, ಬಸವನಬಾಗೇವಾಡಿ

ಉತ್ತರ: ಕಲಿಯಬಹುದು. ಪೋಸ್ಟ್‌ಗ್ರೆಸ್‌ಕ್ಯುಎಲ್, ಎಸ್‌ಕ್ಯುಲೈಟ್, ಡಕ್‌ಡಿಬಿ ಮೂರೂ ಉಚಿತ ಡೇಟಾಬೇಸ್‌ಗಳು. ಕೊನೆಯ ಎರಡು ಸಾಧಾರಣ ಲ್ಯಾಪ್‌ಟಾಪಿನಲ್ಲಿ ಲಕ್ಷಗಟ್ಟಲೆ ಸಾಲುಗಳನ್ನು ಸುಲಭವಾಗಿ ನಿಭಾಯಿಸುತ್ತವೆ. ವರದಿಗೆ ಪವರ್ ಬಿಐ ಡೆಸ್ಕ್‌ಟಾಪ್ ವಿಂಡೋಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಮೆಟಾಬೇಸ್, ಅಪಾಚೆ ಸೂಪರ್‌ಸೆಟ್ ಮುಕ್ತ ತಂತ್ರಾಂಶಗಳು. ಎನ್‌ಪಿಟಿಇಎಲ್ ಮತ್ತು ಸ್ವಯಂ ಜಾಲತಾಣಗಳಲ್ಲಿ ಡೇಟಾಬೇಸ್ ಪಾಠಗಳನ್ನು ಹಣ ಕೊಡದೆ ನೋಡಬಹುದು.

ಕ್ರಮ ಹೀಗಿರಲಿ. ಮೊದಲು ಎಸ್‌ಕ್ಯುಎಲ್. ಆಯ್ಕೆ, ಗುಂಪು ಮಾಡುವುದು, ಜೋಡಿಸುವುದು, ಮೊತ್ತ ತೆಗೆಯುವುದು ಕೈಗೆ ಕುಳಿತುಕೊಳ್ಳಲಿ. ಅದರಲ್ಲಿ ನಿತ್ಯ ಬಳಸುವ ಇಂಗ್ಲಿಷ್ ಪದಗಳು ಮೂವತ್ತು ನಲವತ್ತು, ಅಷ್ಟೇ, ಅಂಜಬೇಕಾಗಿಲ್ಲ. ಎರಡನೆಯದು ಕಾಗದದ ಮೇಲೆ ವಿನ್ಯಾಸ. ಹಾಲಿನ ಡೇರಿ, ಕಿರಾಣಿ ಅಂಗಡಿ, ಸ್ವಸಹಾಯ ಸಂಘ, ಹೀಗೆ ಗೊತ್ತಿರುವ ಒಂದೊಂದು ಕೆಲಸವನ್ನು ತೆಗೆದುಕೊಂಡು ಒಂದು ಸಾಲಿನ ವಾಕ್ಯವನ್ನು ಕನ್ನಡದಲ್ಲೇ ಬರೆದು, ಸುತ್ತ ಡೈಮೆನ್ಷನ್ ಬರೆಯಿರಿ. ಮೂರನೆಯದು ಇಟಿಎಲ್, ಅದಕ್ಕೆ ಸ್ವಲ್ಪ ಪೈಥಾನ್. ಚಾರ್ಟು ಕೊನೆಗೆ. ಕ್ಲೌಡ್ ವೇರ್‌ಹೌಸ್‌ಗಳನ್ನು ಇದೆಲ್ಲ ಆದಮೇಲೆ ನೋಡಿ; ಅಲ್ಲಿಯೂ ಕೇಳುವುದು ಇದೇ ಎಸ್‌ಕ್ಯುಎಲ್, ಇದೇ ಗ್ರೇನ್.

ಅಭ್ಯಾಸಕ್ಕೆ ವಿಜಯಪುರ ಎಪಿಎಂಸಿಯ ದರ ಮತ್ತು ಆವಕದ ಅಂಕಿಗಳನ್ನು ಅಗ್‌ಮಾರ್ಕ್‌ನೆಟ್‌ನಿಂದಲೋ ಕರ್ನಾಟಕದ ಕೃಷಿ ಮಾರಾಟ ವಾಹಿನಿಯಿಂದಲೋ ಇಳಿಸಿಕೊಳ್ಳಿ. ಒಂದು ಸರಕು, ಐದು ವರ್ಷ, ಅಷ್ಟು ಸಾಕು. ವೇರ್‌ಹೌಸ್ ಕಟ್ಟಿದ ಮೇಲೆ ಒಂದು ತಿಂಗಳ ಒಟ್ಟು ಆವಕವನ್ನು ಮೂಲದ ಪುಟದಲ್ಲಿ ಕೈಯಿಂದ ಕೂಡಿಸಿ ತಾಳೆ ನೋಡಿ. ಒಂದು ಕ್ವಿಂಟಲ್ ವ್ಯತ್ಯಾಸ ಬಂದರೂ ಕಾರಣ ಸಿಗುವವರೆಗೆ ಹುಡುಕಿ. ಇಪ್ಪತ್ತು ವಿಡಿಯೊ ಕಲಿಸದ್ದನ್ನು ಆ ಹುಡುಕಾಟ ಕಲಿಸುತ್ತದೆ.

ಸಂದರ್ಶನಕ್ಕೆ ಹೋದಾಗ ಸರ್ಟಿಫಿಕೇಟಿನ ಜೊತೆ ಈ ಪ್ರಾಜೆಕ್ಟನ್ನೂ, ಒಂದೆರಡು ಪುಟದ ಡೇಟಾ ನಿಘಂಟನ್ನೂ ತೋರಿಸಿ. ಪ್ರತಿ ಟೇಬಲ್ಲಿನ ಒಂದು ಸಾಲು ಏನು, ಪ್ರತಿ ಕಾಲಂ ಎಲ್ಲಿಂದ ಬಂತು, ಯಾವುದನ್ನು ಕೂಡಿಸಬಹುದು, ಯಾವುದನ್ನು ಕೂಡಿಸಬಾರದು ಎಂದು ಅದರಲ್ಲಿರಲಿ. ಅದನ್ನು ಕನ್ನಡದಲ್ಲೂ ಬರೆಯಿರಿ. ಅಡತಿ ಅಂಗಡಿಯ ಗುಮಾಸ್ತರು, ಸಂಘದ ಕಾರ್ಯದರ್ಶಿ, ಹಾಲಿನ ಡೇರಿಯ ಲೆಕ್ಕ ಬರೆಯುವವರು ಅದನ್ನು ಓದಿ ‘ಇದು ಹೀಗಲ್ಲ, ನಮ್ಮಲ್ಲಿ ಹಾಗೆ ನಡೆಯುತ್ತದೆ’ ಎಂದು ತಿದ್ದುವಂತಾಗಬೇಕು. ಕೆಲಸ ಬಲ್ಲವರು ತಿದ್ದಿದ ವಿನ್ಯಾಸವನ್ನೇ ನಂಬಬಹುದು. ಅವರ ಜೊತೆ ಅವರ ಭಾಷೆಯಲ್ಲಿ ಕುಳಿತು ಮಾತಾಡಲು ಬರುವುದು ಈ ಉದ್ಯೋಗದಲ್ಲಿ ದೊಡ್ಡ ಅರ್ಹತೆ, ಆ ಅರ್ಹತೆ ನಿಮಗೆ ಈಗಾಗಲೇ ಇದೆ.